ನಡೆಮಡಿಯಾದ ಬಾವುಟ

ನಾನು ಒಂದು ಬಾವುಟ. ಹುಟ್ಟಿದ್ದು ಕೈಮಗ್ಗದಲ್ಲಿ, ನೇಯ್ದವನು ಮೊದಲ ಎಳೆಗೆ ಕೈಮುಗಿದು ನೇಯ್ದ. ಬಿಳಿಯ ಮೈ, ನಡುವೆ ಮೂರು ನೀಲಿ ಚುಕ್ಕಿ. ಬಿಳುಪೆಂದರೆ ಶಾಂತಿಯಂತೆ, ಚುಕ್ಕಿಗಳೆಂದರೆ ಅಣ್ಣತಮ್ಮಂದಿರ ಹಾಗೆ ಬಾಳುವ ಮೂರು ಸೀಮೆಗಳಂತೆ. ಹಾಗೆಂದು ಹೇಳಿ ನನ್ನನ್ನು ಹಿರೇಹಳ್ಳದ ಚಾವಡಿ ಕಂಬಕ್ಕೇರಿಸಿದರು.

ಆರನೆಯ ವರ್ಷ ಅಣ್ಣತಮ್ಮಂದಿರು ಬಂದೂಕು ಹಿಡಿದರು. ಮೂರನೆಯ ಸೀಮೆಯವರು ಊರಿಗೆ ನುಗ್ಗಿ, ಮಡಿವಾಳರ ಈರಪ್ಪನ ಬೆನ್ನಿಗೆ ಬಂದೂಕು ಒತ್ತಿ ಕಂಬ ಹತ್ತಿಸಿದರು. ಅವನು ನನ್ನನ್ನು ಬಿಚ್ಚಿದ. ನನ್ನನ್ನು ಕೆಸರಿಗೆ ಎಸೆದು ತಮ್ಮದನ್ನು ಕಟ್ಟಿಸಿದರು. ಹೋಗುವಾಗ ಊರಿಗೆ ಬೆಂಕಿ ಇಟ್ಟರು. ಈರಪ್ಪನ ಮನೆಯಲ್ಲಿದ್ದ ಒಗೆತದ ಬಟ್ಟೆಯೆಲ್ಲ ಬೂದಿಯಾಯಿತು.

ತಿಂಗಳೊಳಗೆ ಸರ್ಕಾರಿ ದಂಡು ಬಂತು. ಅದರ ಸುಬೇದಾರ, ಬಾವುಟ ಇಳಿಸಿದ ತಪ್ಪಿಗೆ ಈರಪ್ಪನನ್ನು ಚಾವಡಿಯಲ್ಲಿ ಕೂಡಿಹಾಕಿದ. ತಾಯಿ ನೀಲವ್ವ ಬಂದು ಕಾಲಿಗೆ ಬಿದ್ದಳು. ಸುಬೇದಾರ ಕೆಸರಿನಿಂದ ಎತ್ತಿಸಿದ್ದ ನನ್ನನ್ನು ಅವಳ ಮಡಿಲಿಗೆ ಎಸೆದ.

“ನಾಳೆ ಮಧ್ಯಾಹ್ನದೊಳಗ ಹಾಲಿನಂಗ ಮಾಡಿ ತಾ. ಮಗನ್ನ ಕರಕೊಂಡು ಹೋಗು.”

ನೀಲವ್ವ ನನ್ನನ್ನು ಸವಳು ಮಣ್ಣಿನ ನೀರಿನಲ್ಲಿ ನೆನೆಸಿ, ಉಬ್ಬೆಯ ಮಡಕೆಯ ಹಬೆಯಲ್ಲಿ ಬೇಯಿಸಿ, ಹಳ್ಳದ ಬಂಡೆಗೆ ಬಡಿದಳು. ಒಂದೊಂದು ಏಟಿಗೂ ಊರದೇವಿ ದ್ಯಾಮವ್ವನ ಹೆಸರು. ನಾನು ಹಾಲಾದೆ.

ಮರುದಿನ ನನ್ನನ್ನು ಎದೆಗೊತ್ತಿಕೊಂಡು ಹೊರಟಾಗ ಪಲ್ಲಕ್ಕಿ ಎದುರಾಯಿತು. ಸುಟ್ಟ ಊರನ್ನು ತೋರಿಸಲೆಂದು ದ್ಯಾಮವ್ವನನ್ನು ಹೊರಡಿಸಿದ್ದರು. ದೇವಿ ಹೋಗುವ ನೆಲಕ್ಕೆ ಮಡಿವಾಳರ ಮನೆಯವರು ಬಿಳಿ ಬಟ್ಟೆ ಹಾಸಬೇಕು, ಅದೇ ನಡೆಮಡಿ.

“ನಡೆಮಡಿ ಎಲ್ಲಿ ನೀಲವ್ವ? ತಾಯಿ ಬರೀ ನೆಲದ ಮ್ಯಾಲೆ ಬರಬೇಕೇನು?” ಎಂದ ಪೂಜಾರಿ.

“ಅರಿವಿ ಎಲ್ಲಾ ಸುಟ್ಟು ಹೋಗ್ಯಾವು ಅಜ್ಜಾ,” ಎಂದವಳು ನನ್ನನ್ನು ನೋಡಿದಳು. ಊರಲ್ಲಿ ಉಳಿದ ಬಿಳಿ ಬಟ್ಟೆ ನಾನೊಬ್ಬನೇ. ಬಟ್ಟೆಯಾಗಿ ಹುಟ್ಟಿದ್ದಕ್ಕೆ ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಅವಳು ಅರಿಯಳು. ಮಗನಿಗೂ ಒಳ್ಳೆಯದಾದೀತೆಂದು ಹಾಸಿದಳು. ಹೊತ್ತವರ ಬರಿಗಾಲುಗಳು ನನ್ನ ಮೇಲೆ ಹಾದುಹೋದವು. ನಿಜ ಹೇಳುತ್ತೇನೆ, ಕಂಬದ ತುದಿಯಲ್ಲೂ ನಾನು ಅಷ್ಟು ಎತ್ತರದಲ್ಲಿ ಇರಲಿಲ್ಲ.

ಸುಬೇದಾರ ಚಾವಡಿ ಕಟ್ಟೆಯಿಂದ ನೋಡಿದ.

“ತುಳಿಸಿದಿ?”

“ತುಳಿಸಿಲ್ಲ ಸಾಹೇಬ್ರ. ತಾಯೀನ್ನ ನಡಸೀನಿ.”

“ಮಗ ಇಳಿಸಿದ, ತಾಯಿ ತುಳಿಸಿದಳು. ಚಲೋ ಮನೆತನ.”

ಈರಪ್ಪನನ್ನು ಕಂಬದ ಬುಡದಲ್ಲಿ ನಿಲ್ಲಿಸಿದರು. ನನ್ನ ಅಂಚನ್ನು ಅವನ ಕೈಗೆ ಕೊಟ್ಟು, ನನಗೆ ಸಲಾಮು ಹೊಡೆದು, ಅವನಿಗೆ ಗುಂಡು ಹೊಡೆದರು. ನನ್ನ ಮೇಲಿನ ರಕ್ತದ ಕಲೆ ನೋಡಿ ಸುಬೇದಾರ ಮುಖ ಸಿಂಡರಿಸಿದ; ನನ್ನನ್ನು ಮತ್ತೆ ನೀಲವ್ವನತ್ತ ಎಸೆದ. ಅವಳು ಮತ್ತೆ ಒಗೆದಳು. ಈ ಸಲ ಯಾರ ಹೆಸರನ್ನೂ ಹೇಳಲಿಲ್ಲ.

ಎರಡು ವರ್ಷಕ್ಕೆ ಸೀಮೆಗಳು ರಾಜಿಯಾದವು. ಹೊಸ ಬಾವುಟ ಬಂತು. ಚಾವಡಿಯಲ್ಲಿ ಒರೆಸುವ ಬಟ್ಟೆಗಳ ಜೊತೆ ಮೂಲೆ ಸೇರಿದ್ದ ನನ್ನನ್ನು ನೀಲವ್ವ ಕೇಳಿ ಒಯ್ದಳು. ದ್ಯಾಮವ್ವ ಮತ್ತೆ ಹೊರಟ ದಿನ ಸುಬೇದಾರನೂ ಕೈಮುಗಿದು ದಾರಿಯಲ್ಲಿ ನಿಂತಿದ್ದ. ನೀಲವ್ವ ನನ್ನನ್ನು ಬಿಡಿಸಿ ಅವನ ಮುಂದೆ ಹಿಡಿದಳು.

“ಈಗ ಹಾಸಬಹುದೇನ್ರಿ ಸಾಹೇಬ್ರ?”

“ಹಾಸು ಬೇ. ಅದೀಗ ಬರೀ ಅರಿವಿ.”

ಅವಳು ಹಾಸಿದಳು.

ಈಗ ಅವಳ ಮನೆಯ ಗೂಡಿನಲ್ಲಿ ಮಡಿಸಿಕೊಂಡು ಮಲಗಿದ್ದೇನೆ. ನೂಲು ಅದೇ, ಚುಕ್ಕಿಗಳೂ ಅವೇ. ಅಂದೂ ನಾನು ಅರಿವಿಯೇ ಆಗಿದ್ದೆ.