ಲಾರಿಗೆ ಗಾಳಿಕಂಡಿ

ಹನ್ನೊಂದು ವರ್ಷ ಅವಳು ಯಂತ್ರದ ಬಾಯಿಗೆ ಕೊಂಬೆ ಉಣಿಸಿದವಳು. ಗಂಡ ಮರ ಹತ್ತಿ ಕೊಯ್ಯುತ್ತಿದ್ದ. ಅವಳು ಕೆಳಗೆ ನಿಂತು, ಬಿದ್ದ ಕೊಂಬೆಗಳನ್ನು ಎಳೆತಂದು ಯಂತ್ರಕ್ಕೆ ಕೊಡುತ್ತಿದ್ದಳು. ಯಂತ್ರ ಅದನ್ನು ಚೂರು ಚೂರು ಮಾಡಿ ಲಾರಿಯ ತಗಡಿನ ಗೂಡಿನೊಳಕ್ಕೆ ಉಗುಳುತ್ತಿತ್ತು. ಬೀದಿಯ ಜನ ಅವರಿಬ್ಬರನ್ನೂ 'ಮೇಲೊಬ್ಬ, ಕೆಳಗೊಬ್ಬಳು' ಎಂದೇ ಗುರುತಿಸುತ್ತಿದ್ದರು. ಆ ಹೆಸರು ಕೇಳಿದರೆ ಅವಳಿಗೆ ಒಳಗೊಳಗೇ ಹಿಗ್ಗು.

ಆಮೇಲೆ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮರದ ಧೂಳಿನ ಸಹವಾಸ ಇನ್ನು ಸಾಕಮ್ಮ," ಎಂದರು.

"ಎಷ್ಟು ದಿನ, ಡಾಕ್ಟ್ರೇ?"

ಅವರು ಚೀಟಿ ಬರೆಯತೊಡಗಿದರು.

ಅವಳ ಜಾಗಕ್ಕೆ ಮೈದುನ ಬಂದ. ನಲವತ್ತು ದಾಟಿದವನು, ಬೋಳುತಲೆ, ಒಳ್ಳೆಯ ಮನಸ್ಸು, ನಿಧಾನದ ಕೈ. ಅವಳು ಮನೆಯಲ್ಲಿ ಉಳಿದಳು. ಸಂಜೆ ಗಂಡ ಅಂಗಿ ಬಿಚ್ಚಿದರೆ, ಒಗೆಯುವ ನೆಪದಲ್ಲಿ ಎತ್ತಿಕೊಂಡು ಹೋಗಿ ಮೂಗಿಗೆ ಒತ್ತಿಕೊಳ್ಳುವಳು. "ಇವತ್ತು ನೀಲಗಿರಿ. ಎಳೇದು," ಎಂದು ಒಳಗಿನಿಂದಲೇ ಹೇಳುವಳು.

"ನಾಯಿ ಮೂಗು ನಿಂದು," ಎಂದು ಅವನು ನಗುವನು. ಅವಳಿಗೆ ನಗು ಬರುತ್ತಿರಲಿಲ್ಲ.

ಹಾಗೆ ಕೂತೂ ಕೂತೂ ಅವಳಿಗೊಂದು ವಿಷಯ ಹೊಳೆಯಿತು. ಗೂಡಿಗೆ ಮೇಲೆ ತಗಡು, ಪಕ್ಕಕ್ಕೆ ತಗಡು, ಮುಂದಕ್ಕೂ ತಗಡು. ಯಂತ್ರ ಚೂರಿನ ಜೊತೆ ಗಾಳಿಯನ್ನೂ ನುಗ್ಗಿಸುತ್ತದೆ. ಆ ಗಾಳಿಗೆ ಹೋಗಲು ಜಾಗವೆಲ್ಲಿ? ಧೂಳು ಹೊತ್ತುಕೊಂಡು ಬಂದ ದಾರಿಯಲ್ಲೇ ವಾಪಸು ಬಂದು, ಹಿಂದೆ ನಿಂತವರ ಮುಖಕ್ಕೆ ರಾಚುತ್ತದೆ. ಗೂಡಿನ ಮುಂಭಾಗದಲ್ಲಿ, ಮೇಲ್ತುದಿಗೆ, ಎರಡು ಕಂಡಿ ಕೊರೆದು ಜಾಲರಿ ಹೊದಿಸಿದರೆ ಗಾಳಿ ಆ ಕಡೆಯಿಂದ ಹೋದೀತು. ಆಗ ಈ ಕಡೆ ಒಬ್ಬಳು ನಿಲ್ಲಬಹುದು.

ಮರುದಿನವೇ ಗಂಡನನ್ನು ಎಳೆದುಕೊಂಡು ವೆಲ್ಡರನ ಶೆಡ್ಡಿಗೆ ಹೋದಳು. ವೆಲ್ಡರ್ ಅವಳು ಬರೆದ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಈ ವಯಸ್ಸಲ್ಲಿ ಲಾರಿಗೆ ಮೂಗು ಚುಚ್ಚಿಸ್ತೀರಾ, ಅಕ್ಕಾ?" ಎಂದು ಕಣ್ಣು ಮಿಟುಕಿಸಿದ. ಆಮೇಲೆ ಗಂಭೀರವಾಗಿಯೇ, "ಸುಳ್ಳು ಹೇಳಲ್ಲ. ಇದು ಓಡೋದೇ ಇನ್ನು ಎರಡು ಮೂರು ವರ್ಷ. ಹೊಸ ಲಾರಿಗಾದ್ರೆ ಸರಿ, ಇದಕ್ಕೆ ಮಾಡಿಸೋದು ದಂಡ," ಎಂದ.

ಗಂಡ ಗೂಡಿನ ತಗಡನ್ನು ಬೆರಳಿನಿಂದ ಕುಟ್ಟುತ್ತ ನಿಂತಿದ್ದ. "ಕೊರೀರಿ," ಎಂದ.

"ಯಾಕೆ ಮಾರಾಯ್ರೇ?" ಎಂದ ವೆಲ್ಡರ್.

"ಮರದ ಮೇಲಿಂದ ಕೆಳಗೆ ನೋಡಿದ್ರೆ ಏಳು ತಿಂಗಳಿಂದ ನಮ್ಮ ತಮ್ಮನ ಬೋಳುತಲೆ ಕಾಣ್ತಿದೆ. ಸಾಕಾಗಿದೆ ನಂಗೆ."

ವೆಲ್ಡರ್ ನಕ್ಕ. ಅವಳು ಮುಖ ಆಚೆ ತಿರುಗಿಸಿದಳು. ಇಷ್ಟು ದಿನ ಈ ಮನುಷ್ಯ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಕಂಡಿ ಕೊರೆಯಲು ಎರಡು ದಿನ ಹಿಡಿಯಿತು. ಧೂಳು ಡ್ರೈವರ್ ಕೂರುವ ಕಡೆಗೆ ಇಳಿಯದಿರಲೆಂದು ವೆಲ್ಡರ್ ತಾನಾಗಿಯೇ ಕಂಡಿಗಳ ಮುಂದೆ ಮೇಲ್ಮುಖವಾಗಿ ಒಂದು ಮರೆತಗಡು ಬೆಸೆದುಕೊಟ್ಟ.

ಮೊದಲ ದಿನ ಅವಳೂ ಹೋದಳು. ಶಾಲೆಯೊಂದರ ಆವರಣ, ಗಾಳಿಗೆ ವಾಲಿದ ದೊಡ್ಡ ಮರ. ಅವಳು ದೂರದ ಮೆಟ್ಟಿಲ ಮೇಲೆ ನಿಂತು ನೋಡಿದಳು. ಯಂತ್ರ ಶುರುವಾಯಿತು. ಲಾರಿಯ ನೆತ್ತಿಯಿಂದ ಹಳದಿ ಧೂಳು ಹೊಗೆಯ ಹಾಗೆ ಎದ್ದು ಆಚೆ ತೇಲಿಹೋಯಿತು. ಹಿಂದೆ ನಿಂತ ಮೈದುನನ ಹುಬ್ಬು ಕೂಡ ಧೂಳು ಹತ್ತದೆ ಕಪ್ಪಾಗಿಯೇ ಇತ್ತು. ಚೂರು ಹಿಂಬದಿಯಲ್ಲೇ ಗುಡ್ಡೆಯಾಗದೆ ಗೂಡಿನ ಮುಂಗೋಡೆಯವರೆಗೂ ಹೋಗಿ ತುಂಬಿತು. ಒಳಗೆ ನುಗ್ಗಿ ಸಲಿಕೆಯಲ್ಲಿ ತಳ್ಳುವ ಕೆಲಸವೂ ತಪ್ಪಿತು.

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಮಾಸ್ಕ್ ಬಿಗಿದು, ಕೈಗವಸು ಹಾಕಿ ಹೋಗಿ, "ಸರಿಯೋ," ಎಂದು ಮೈದುನನನ್ನು ಭುಜದಿಂದ ತಳ್ಳಿದಳು. ಒಂದು ಕೊಂಬೆ. ಎರಡು. ಐದು. ಕೈಗಳು ಏನನ್ನೂ ಮರೆತಿರಲಿಲ್ಲ. ಮೇಲೆ ಗರಗಸ ನಿಂತಿತು. ಗಂಡ ಬಗ್ಗಿ ನೋಡುತ್ತಿದ್ದ. ಅವಳು ಕೈ ಬೀಸಿದಳು.

ಹತ್ತು ನಿಮಿಷವಾಗಿತ್ತೇನೋ, ಎದೆ ಹಿಡಿದುಕೊಂಡಿತು. ಗಾಳಿ ಹೊತ್ತೊಯ್ಯದ ನುಣ್ಣನೆಯ ಧೂಳು ಕೊಂಬೆಯಲ್ಲೇ ಇತ್ತು, ತೊಗಟೆಯಲ್ಲಿತ್ತು, ಅವಳ ತೋಳಿನ ಮೇಲಿತ್ತು. ಕೆಮ್ಮುತ್ತ ನೆಲಕ್ಕೆ ಕುಸಿದಳು. ಮೈದುನ ಯಂತ್ರ ಆರಿಸಿ, ಅವಳನ್ನು ಎತ್ತಿ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿದ. ಗಂಡ ಹಗ್ಗ ಹಿಡಿದು ಜಾರುತ್ತಲೇ ಇಳಿದು ಓಡಿ ಬಂದ.

ಉಸಿರು ಹದಕ್ಕೆ ಬಂದ ಮೇಲೆ ಅವಳು, "ದಂಡ ಆಯ್ತು ನೋಡಿ. ವೆಲ್ಡರ್ ಹೇಳಿದ್ದೇ ಸರಿ," ಎಂದಳು.

ಗಂಡ ಅವಳ ತೋಳಿನ ಧೂಳು ಒರೆಸಿದ. ಮೈದುನ ಬಾಗಿಲಲ್ಲಿ ನಿಂತು, ಟೋಪಿ ಹಿಂಡುತ್ತ, "ಅತ್ತಿಗೆ, ಒಂದು ಮಾತು," ಎಂದ. "ನಂಗೂ ಒಂದು ತಿಂಗಳಿಂದ ಕೆಮ್ಮು. ಅಣ್ಣಂಗೆ ಹೇಳಿರಲಿಲ್ಲ. ಹೇಳಿದ್ರೆ ನನ್ನನ್ನೂ ಮನೇಲಿ ಕೂರಿಸ್ತಾನೆ ಅಂತ. ಇವತ್ತು ಬೆಳಗಿಂದ ಒಂದು ಸಲಾನೂ ಬಂದಿಲ್ಲ."

ಅವಳು ಅವನನ್ನೇ ದಿಟ್ಟಿಸಿದಳು. ತಾನು ಕಂಡಿ ಕೊರೆಸಿದ್ದು ಒಬ್ಬಳಿಗಾಗಿ, ಅದೂ ತನಗಾಗಿ. ಅವನ ಎದೆಯ ನೆನಪೇ ಅವಳಿಗೆ ಬಂದಿರಲಿಲ್ಲ. ನಾಚಿಕೆಯಾಯಿತು. "ನಾಳೆನೇ ಡಾಕ್ಟರ ಹತ್ರ ತೋರಿಸ್ಕೊ, ಮಂಕೇ," ಎಂದು ಗದರಿದಳು.

ಈಗ ಅವಳು ಮುಂದಾಗಿ ಹೋಗಿ ಬೀದಿಯ ಮರಗಳನ್ನು ನೋಡಿ, ಕಡಿಯಬೇಕಾದ ಕೊಂಬೆಗಳಿಗೆ ಸುಣ್ಣದ ಗುರುತು ಹಾಕುತ್ತಾಳೆ. ಲಾರಿ ಯಾವಾಗಲೂ ಎರಡು ಬೀದಿ ಹಿಂದೆ. ಯಂತ್ರದ ಸದ್ದು ಅಲ್ಲಿಂದ ಕೇಳುತ್ತದೆ. ದಪ್ಪ ಕೊಂಬೆ ಹೋದರೆ ಗಂಟಲು ಕಟ್ಟಿದಂತೆ, ತೆಳ್ಳನೆಯದು ಹೋದರೆ ಸೀಟಿ ಹೊಡೆದಂತೆ. ಮೈದುನ ಎರಡು ಕೊಂಬೆಗಳ ನಡುವೆ ತುಂಬ ಹೊತ್ತು ತೆಗೆದುಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ಅವಳು ಸುಣ್ಣದ ಕುಂಚ ಹಿಡಿದು, ಮುಂದಿನ ಕೊಂಬೆಗೆ ಕಿವಿಗೊಟ್ಟು ನಿಂತಿರುತ್ತಾಳೆ.