ಎಡಪಾದ ಉದ್ದದ ಅಕ್ಷರ

ನನ್ನ ತಮ್ಮ ಮಾಡಿದ ಇಂಗ್ಲಿಷ್ ಅಕ್ಷರ, ಅಂದರೆ ಫಾಂಟು, ಈಗ ಎಲ್ಲೆಂದರಲ್ಲಿ. ಬಿಸ್ಕತ್ತಿನ ಡಬ್ಬದ ಮೇಲೆ, ಕ್ಷೌರದಂಗಡಿಯ ಗಾಜಿನ ಮೇಲೆ, ನಾಟಕದ ಪೋಸ್ಟರಿನಲ್ಲಿ, ಕೊನೆಗೆ ನನ್ನ ಹೆಂಡತಿ ತಂದ ಸೋಪಿನ ಪೊಟ್ಟಣದಲ್ಲೂ. ದಪ್ಪ ಕಂಬಗಳು, ಕೂದಲೆಳೆಯಂಥ ಅಡ್ಡಗೆರೆ, ಪ್ರತಿ ಕಂಬದ ಬುಡಕ್ಕೂ ಎಡಕ್ಕೆ ಬಲಕ್ಕೆ ಚಾಚಿದ ಅಗಲವಾದ ಪಾದ. ಹಳೇ ಕಾಲದ ಠೀವಿ. ಬೀದಿಯ ಆಚೆ ತುದಿಯಿಂದಲೇ ಕಣ್ಣಿಗೆ ಬೀಳುತ್ತದೆ. ಮೂವತ್ತು ವರ್ಷ ಏಣಿ ಹತ್ತಿ ಬೋರ್ಡು ಬರೆದವನು ನಾನು, ಕಂಪ್ಯೂಟರ್ ಮುಂದೆ ಕೂತು ಹೆಸರು ಮಾಡಿದವನು ಅವನು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು. ಆ ಸೋಪಿನಲ್ಲಿ ನಾನು ಒಂದು ದಿನವೂ ಮುಖ ತೊಳೆಯಲಿಲ್ಲ.

ಅಕ್ಷರ ತನ್ನ ಸ್ವಂತದ್ದಲ್ಲ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ನಮ್ಮಪ್ಪನೂ ಬೋರ್ಡು ಬರೆಯುವವನೇ. ಅಪ್ಪನ ಬೋರ್ಡೊಂದನ್ನು ನೋಡಿ ಮಾಡಿದನಂತೆ, ಯಾವುದೆಂದು ನಾನು ಕೇಳಿರಲಿಲ್ಲ. ಅದರ ಫೋಟೋ ಹಿಡಿದು ಒಂದೊಂದೇ ಅಕ್ಷರ ತಿದ್ದಿದನಂತೆ, ಅದಕ್ಕೆ ಅಪ್ಪನ ಹೆಸರನ್ನೇ ಇಟ್ಟನಂತೆ. ಇದನ್ನು ಕೇಳಿದವರೆಲ್ಲ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು, ನನ್ನೊಬ್ಬನನ್ನು ಬಿಟ್ಟು.

ಹೋದ ತಿಂಗಳು ಕಾಫಿ ಅಂಗಡಿಯೊಂದರ ಗೋಡೆಯ ಮೇಲೆ ಅದೇ ಅಕ್ಷರ ಬರೆಯುವ ಕೆಲಸ ನನಗೆ ಬಂತು. ಯಾರ ಶಿಫಾರಸು ಅಂತ ಬೇರೆ ಹೇಳಬೇಕೆ? ಆಳೆತ್ತರದ ನಮೂನೆ ಹಾಳೆಯನ್ನು ತಮ್ಮನೇ ಹೊತ್ತು ತಂದ. ಗೋಡೆಗೆ ಅಂಟಿಸಿ ಹತ್ತಿರದಿಂದ ನೋಡಿದವನು ಬೆರಳಿಟ್ಟು ಅಳೆದೆ. ಪ್ರತಿ ಕಂಬದ ಎಡಪಾದವೂ ಬಲಪಾದಕ್ಕಿಂತ ಒಂದು ಬೆರಳು ಉದ್ದ.

ಅಪ್ಪ ಪಟ್ಟಿ ಇಟ್ಟು ಅಳೆದು ಎರಡೂ ಪಾದ ಸಮ ಮಾಡುತ್ತಿದ್ದ. ಎಡಗೈಯವನು ನಾನು. ಕುಂಚ ಎಳೆದು ಮುಗಿಸುವಾಗ ನನ್ನ ಕೈ ಎಡಕ್ಕೇ ಜಾರುತ್ತದೆ. ಅದಕ್ಕೆ ಅಪ್ಪನಿಂದ ಎಷ್ಟು ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ. ಕೊನೆಯ ಎರಡು ವರ್ಷ ಅಪ್ಪನ ಕೈ ನಡುಗುತ್ತಿತ್ತು. ಬೋರ್ಡುಗಳನ್ನು ಮನೆಗೆ ತರಿಸಿ, ಬಾಗಿಲು ಹಾಕಿಕೊಂಡು ನಾನೇ ಬರೆಯುತ್ತಿದ್ದೆ. ಕೆಳಗೆ ಅವನ ಸಹಿಯನ್ನೂ ನಾನೇ ಹಾಕುತ್ತಿದ್ದೆ. ಯಾರಿಗೂ ಹೇಳಬೇಡ ಎಂದಿದ್ದ. ತಮ್ಮ ಆಗ ಹಾಸ್ಟೆಲಿನಲ್ಲಿದ್ದ, ಅವನಿಗೂ ಹೇಳಲಿಲ್ಲ.

ಬೇಕೆಂದೇ ಮೊದಲ ಅಕ್ಷರವನ್ನು ಅಪ್ಪನ ಹಾಗೆ, ಎರಡೂ ಪಾದ ಸಮ ಮಾಡಿ ಬರೆದೆ. ತಮ್ಮ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ.

"ಅಣ್ಣಾ, ಬೇಜಾರು ಮಾಡ್ಕೋಬೇಡ. ಇದ್ರಲ್ಲಿ ಅಪ್ಪನ ಕೈ ಕಾಣ್ತಿಲ್ಲ. ಎಡಪಾದ ಇನ್ನೂ ಸ್ವಲ್ಪ ಎಳಿ."

ಏಣಿಯಿಂದ ಇಳಿದು ಅವನ ಮುಂದೆ ನಿಂತೆ. ಆ ಬೋರ್ಡು ಬರೆದದ್ದು ಯಾರು ಗೊತ್ತಾ ಎಂದು ಕೇಳಿಯೇ ಬಿಟ್ಟೆ.

"ಗೊತ್ತಿಲ್ದೆ ಏನು? ಔಷಧದಂಗಡೀದು, ಅಪ್ಪನ ಕೊನೇ ಬೋರ್ಡು. ಸಾಯೋ ವರ್ಷಾನೂ ಅಪ್ಪನ ಕೈ ನಡುಗಲಿಲ್ಲ ನೋಡು. ನಂಗೆ ಧೈರ್ಯ ಕೈಕೊಟ್ಟಾಗೆಲ್ಲ ಆ ಫೋಟೋ ತೆಗೆದು ನೋಡ್ತೀನಿ."

ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದೆ.

"ಅಪ್ಪಂದೇ ಬಿಡು," ಎಂದೆ.

ಮತ್ತೆ ಏಣಿ ಹತ್ತಿ ಎಡಪಾದ ಎಳೆದೆ. ಈಗ ಅಪ್ಪನೇ ಬಂದು ಬರೆದ ಹಾಗಿದೆ ಎಂದ ತಮ್ಮ, ಕೆಳಗಿನಿಂದ. ಅವನ ಮೇಲೆ ಉರಿಯುತ್ತಿದ್ದ ಹೊಟ್ಟೆ ಸತ್ತುಹೋದ ಅಪ್ಪನ ಮೇಲೆ ಆಗ ಉರಿಯತೊಡಗಿತು.