ದಿನಕ್ಕೆ ಐದೇ

ಎದೆರೋಗದ ಆಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆ ಮಾಡುವವಳಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಊದಮ್ಮ. ಇಪ್ಪತ್ತು ವರ್ಷದಿಂದ ರೋಗಿಗಳ ಬಾಯಿಗೆ ಕೊಳವೆ ಕೊಟ್ಟು, “ಊದಿ, ಊದಿ, ಇನ್ನೂ ಊದಿ!” ಎಂದು ಕೂಗಿ ಕೂಗಿ ಅವಳ ದನಿಯೇ ಒಡೆದುಹೋಗಿತ್ತು. ಆ ಮಂಗಳವಾರ ಬೆಳಿಗ್ಗೆ ಡಾಕ್ಟರ ಚೀಟಿ ಹಿಡಿದು ಒಳಗೆ ಬಂದವನು ಅವಳ ಸ್ವಂತ ಅಣ್ಣ.

ಅಣ್ಣ ದರ್ಜಿ. ಮಹಡಿಯ ಮೇಲಿನ ಅಂಗಡಿಗೆ ಹತ್ತಲು ಎರಡು ತಿಂಗಳಿಂದ ನಡುನಡುವೆ ನಿಲ್ಲಬೇಕಾಗಿತ್ತು.

“ನಿನ್ನ ಕೈಗೇ ಸಿಕ್ಕಿಬಿದ್ದೆ ನೋಡು. ಎಲ್ಲರ ಹತ್ರ ಕೂಗೋ ಹಾಗೆ ನನ್ನ ಹತ್ರ ಕೂಗ್ಬೇಡ ಕಣೇ, ಹಿರಿಯ ಅನ್ನೋ ಮರ್ಯಾದೆ ಇರಲಿ.”

“ಇಲ್ಲಿ ಎಲ್ಲರಿಗೂ ಒಂದೇ ಮರ್ಯಾದೆ. ಸಿಗರೇಟು ದಿನಕ್ಕೆ ಐದೇ ತಾನೇ ಈಗಲೂ?”

“ಐದೇ, ನಿನ್ನಾಣೆ. ಆ ಬೆಲೆಗೆ ಆರನೇದಕ್ಕೆ ಕೈಯೇ ಹೋಗಲ್ಲ ಕಣೇ.”

ಸುಳ್ಳಲ್ಲ. ನಾಲ್ಕು ವರ್ಷದ ಹಿಂದೆ ಸರ್ಕಾರ ತಂಬಾಕಿನ ತೆರಿಗೆ ಏರಿಸಿ, ಮರುವರ್ಷ ಮತ್ತೆ ಏರಿಸಿತ್ತು. ಅದಕ್ಕೂ ಮೊದಲು ಅಣ್ಣನಿಗೆ ದಿನಕ್ಕೆ ಹದಿನೈದು ಬೇಕಿತ್ತು. ಅತ್ತು, ಬೈದು, ಮಾತು ಬಿಟ್ಟು, ಬೆಂಕಿಪೊಟ್ಟಣ ಬಚ್ಚಿಟ್ಟರೂ ತಂಗಿಯ ಕೈಲಾಗದ್ದನ್ನು ಬೆಲೆ ಆರೇ ತಿಂಗಳಲ್ಲಿ ಮಾಡಿ ತೋರಿಸಿತು. ಮೂಲೆಯಂಗಡಿಯ ಮುಂದಿನ ಕಾಲೇಜು ಹುಡುಗರ ಗುಂಪು ಕರಗಿತು. ಅಣ್ಣನ ಮಗನಂತೂ, “ಅಷ್ಟು ದುಡ್ಡು ಸುಡೋಕೆ ನನಗೇನು ತಲೆ ಕೆಟ್ಟಿದ್ಯಾ ಅತ್ತೆ?” ಎಂದು ಆ ಚಟದ ಸುದ್ದಿಗೇ ಹೋಗಲಿಲ್ಲ. ಊದಮ್ಮ ನೆಮ್ಮದಿಯಾಗಿ ಅಣ್ಣನಿಗೆ ಬೈಯುವುದನ್ನು ಬಿಟ್ಟಳು. ಹದಿನೈದು ಐದಾದರೆ ಹೊಗೆ ಮೂರರಲ್ಲಿ ಒಂದು ಪಾಲು. ಭಾಗಾಕಾರದಲ್ಲಿ ತಪ್ಪೇನಿರಲಿಲ್ಲ.

ಮೊದಲು ಅಂಗೈಯಗಲದ ಯಂತ್ರ ಕೊಟ್ಟಳು. ಸೇದುವವರ ಉಸಿರಿನಲ್ಲಿ ಉಳಿದ ಹೊಗೆಯ ವಿಷಾನಿಲವನ್ನು ಅದು ಅಂಕಿಯಲ್ಲಿ ತೋರಿಸುತ್ತದೆ. ಯಂತ್ರ ಹೊಸದಾಗಿ ಬಂದಾಗ, ಬೆಲೆ ಏರುವ ಮೊದಲು, ತಮಾಷೆಗೆಂದು ಅಣ್ಣನಿಂದ ಊದಿಸಿದ್ದಳು: ಇಪ್ಪತ್ತಾರು. ಈಗ ಎಂಟೋ ಒಂಬತ್ತೋ ಬರಬೇಕು.

ಇಪ್ಪತ್ತೆರಡು ಬಂತು.

ಯಂತ್ರ ಕೆಟ್ಟಿರಬೇಕೆಂದು ಕೊಳವೆ ಬದಲಿಸಿ ತಾನೇ ಊದಿದಳು. ಒಂದು. ಅವನಿಂದ ಮತ್ತೆ ಊದಿಸಿದಳು. ಇಪ್ಪತ್ತೆರಡೇ.

“ಅಣ್ಣ, ನೀನು ಸೇದೋದು ಹೇಗೆ?”

“ಹೇಗೆ ಅಂದ್ರೆ? ಎಲ್ಲರ ಹಾಗೆ, ಬಾಯಲ್ಲಿ.” ನಕ್ಕ. ನಗು ಕೆಮ್ಮಾಗಿ ತಿರುಗಿತು.

“ತಮಾಷೆ ಬೇಡ. ಮಾಡಿ ತೋರಿಸು.”

ಅವನು ಮೇಜಿನ ಮೇಲಿನ ಪೆನ್ಸಿಲ್ ಎತ್ತಿ, ತೀರಾ ತುದಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ತುಟಿಗಿಟ್ಟ. ಕೆನ್ನೆಗಳು ಒಳಗೆ ಹೋದವು, ಎದೆ ಮೇಲೆದ್ದಿತು, ಕಣ್ಣುಗಳು ಮುಚ್ಚಿಕೊಂಡವು. ಊದಮ್ಮ ಅಭ್ಯಾಸಬಲದಿಂದ ಗಡಿಯಾರ ನೋಡಿದಳು. ಐದು ಸೆಕೆಂಡು. ಆರು. ಏಳಕ್ಕೆ ಉಸಿರು ಬಿಟ್ಟ.

“ಮೊದಲೆಲ್ಲ ಅರ್ಧ ಸೇದಿ ಬಿಸಾಕ್ತಿದ್ದೆ. ಹೊಲಿಗೆ ಮಧ್ಯೆ ಅದರ ಪಾಡಿಗೆ ಅದು ಉರಿದು ಹೋಗ್ತಿತ್ತು. ಈಗ ಹಾಗೆ ಪೋಲು ಮಾಡೋಕಾಗತ್ತಾ? ಬೆರಳು ಸುಡೋವರೆಗೂ ಬಿಡಲ್ಲ.” ಬಟ್ಟೆಯ ಚೂರನ್ನೂ ದಂಡ ಮಾಡದ ದರ್ಜಿಯ ಹೆಮ್ಮೆ ಆ ಮಾತಿನಲ್ಲಿತ್ತು.

ಹೊಟ್ಟೆಪಾಡಿಗೆ ಊರವರ ಉಸಿರನ್ನೆಲ್ಲ ಅಳೆದವಳು, ಅಣ್ಣನ ಮಟ್ಟಿಗೆ ಬರೀ ಸಿಗರೇಟು ಎಣಿಸಿ ಸುಮ್ಮನಾಗಿದ್ದಳು.

ಉಸಿರಿನ ಬಲ ಅಳೆಯುವ ದೊಡ್ಡ ಯಂತ್ರದ ಮುಂದೆ ಕೂರಿಸಿದಳು. “ಊದು,” ಎಂದಳು. ಕೂಗಲಿಲ್ಲ. ಅವನೇ ಮುಖ ಕೆಂಪಾಗಿಸಿಕೊಂಡು ಮೂರು ಸಲ ಊದಿದ. ಮೂರು ಸಲವೂ ಪರದೆಯ ಗೆರೆ ಏಳುವಷ್ಟರಲ್ಲೇ ಕುಸಿದು ಉದ್ದಕ್ಕೆ ಮಲಗಿತು. ಅವನ ವಯಸ್ಸಿಗೆ ಇರಬೇಕಾದದ್ದರಲ್ಲಿ ನೂರಕ್ಕೆ ನಲವತ್ತೊಂದು.

ಮುಚ್ಚಿಡದೆ ಹೇಳಿದಳು: ಹೋದ ಉಸಿರು ಮರಳಿ ಬರುವುದಿಲ್ಲ, ಇವತ್ತೇ ಪೂರ್ತಿ ಬಿಟ್ಟರೆ ಉಳಿದದ್ದು ಬೇಗ ಹೋಗುವುದಿಲ್ಲ, ಅಷ್ಟೇ.

ಅಣ್ಣ ಪೆನ್ಸಿಲನ್ನು ಇದ್ದಲ್ಲೇ ಇಟ್ಟ.

“ನೀನು ಬೈಯೋದು ನಿಲ್ಲಿಸಿದ್ಯಲ್ಲ,” ಎಂದ. ದೂರುವ ದನಿಯಲ್ಲ. “ಎಲ್ಲ ತಿಳಿದವಳು. ಇವಳೇ ಸುಮ್ಮನಾದ ಮೇಲೆ ಅಪಾಯ ಕಳೀತು ಅಂದ್ಕೊಂಡೆ.”

ಊದಮ್ಮ ಅವನು ಊದಿದ ಕೊಳವೆಯನ್ನು ಕಳಚಿ ಕಸದ ಬುಟ್ಟಿಗೆ ಹಾಕಿದಳು.

“ಆಯ್ತು, ಬಿಡ್ತೀನಿ. ಒಂದೂ ಮುಟ್ಟಲ್ಲ. ನೀನು ಮೊದಲಿನ ಹಾಗೆ ದಿನಾ ಬೈಯೇ. ಈಗಿಂದಲೇ ಶುರು ಮಾಡು.”

ಅವಳು ಅವನತ್ತ ತಿರುಗಿ ಕೂತಳು. ಬಾಯಿ ತೆರೆದಳು. ಒಂದು ಬೈಗುಳವೂ ಹೊರಗೆ ಬರಲಿಲ್ಲ. ಅಣ್ಣ ತಲೆ ತಗ್ಗಿಸಿಕೊಂಡು ಕಾಯುತ್ತಾ ಕೂತಿದ್ದ.